ಎಡಗೈಗೊಂದು ಗಿಟಾರ್

ಮೇವು ಕತ್ತರಿಸುವ ಯಂತ್ರಕ್ಕೆ ನನ್ನ ಎಡಗೈಯ ನಡುಬೆರಳು, ಉಂಗುರದ ಬೆರಳುಗಳ ತುದಿಗಳು ಹೋದವು. ಗಿಟಾರಿನ ತಂತಿ ಒತ್ತುತ್ತಿದ್ದ ಕೈ ಅದು. ಗಿಟಾರನ್ನು ಅಟ್ಟಕ್ಕೆ ಹಾಕಿದೆ, ಕೈಯನ್ನು ಜೇಬಿಗೆ ಹಾಕಿದೆ. ಶನಿವಾರದ ಭಜನೆಯಲ್ಲಿ ಮುಂದೆ ಕೂತು ಬಾರಿಸುತ್ತಿದ್ದವನು ಹಿಂದೆ ಕೂತು, ಪ್ರಸಾದಕ್ಕೆ ಬಲಗೈ ಒಂದನ್ನೇ ಚಾಚಿ ಎದ್ದು ಬರುತ್ತಿದ್ದೆ. ಪ್ರಸಾದ ಹಂಚುತ್ತಿದ್ದವಳು ನನ್ನಮ್ಮನೇ. ಎಡಗೈಯಲ್ಲಿ ನೀರು ಕೊಟ್ಟರೆ ಲೋಟವನ್ನೂ ಮುಟ್ಟದ ಹೆಂಗಸು.

ಎಷ್ಟು ದಿನ ಹೀಗೆ? ಬಲಗೈ ಒತ್ತಲಿ, ಎಡಗೈ ಮೀಟಲಿ ಎಂದು ಒಂದು ದಿನ ಗಿಟಾರನ್ನು ಇಳಿಸಿ ತಿರುಗಿಸಿ ಹಿಡಿದೆ. ಅಟ್ಟದ ಶಾಖಕ್ಕೆ ತಂತಿ ಒತ್ತುವ ಅದರ ನೆಕ್ ಬಾಗಿತ್ತು, ದನಿ ಏರಿಳಿಸುವ ಗುಂಡಿಗಳು ಮೊಣಕೈಗೆ ತಗಲುತ್ತಿದ್ದವು. ಗಿಟಾರೇ ಸರಿಯಿಲ್ಲ ಎಂದು ಸಿಡುಕಿದೆ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ" ಅಂದಳು ಅಮ್ಮ.

ಮೈಯೆಲ್ಲ ಉರಿಯಿತು. ಎಡಗೈಯವರ ಗಿಟಾರನ್ನೇ ತಂದು ತೋರಿಸುತ್ತೇನೆಂದು ಆಂಡರ್ಸನ್‌ಪೇಟೆಯ ಗಿಟಾರ್ ರಿಪೇರಿ ಅಂಗಡಿಗೆ ಹೋದೆ.

"ಎಡಗೈದಾ? ಕಿಡೈಕ್ಕಾದು ತಂಬಿ" ಎಂದರು ಅಂಗಡಿಯವರು. ಸಿಗದಿದ್ದರೆ ಮಾಡಿಕೊಳ್ಳುವುದು. ಅವರ ಮೂಲೆಯ ರಾಶಿಯಿಂದ ಒಡೆದ ಗಿಟಾರಿನ ನೆಕ್ ಒಂದು, ತಂತಿಯ ದನಿ ಹಿಡಿಯುವ ಇನ್ನೊಂದರ ಪಿಕಪ್ ಆರಿಸಿದೆ. ತಂತಿ ಬಿಗಿಯುವ ತಿರುಪುಗಳನ್ನು ನನ್ನ ಹಳೆಯದರಿಂದಲೇ ಬಿಚ್ಚಿದೆ. ಗಿಟಾರಿನ ಮೈಗೆ ಬೇಕಾದ ಹಲಗೆ ಗುಜರಿಯಲ್ಲಿತ್ತು. ಚಿನ್ನದ ಗಣಿಯ ಕಾಲೊನಿ ಕೋರಮಂಡಲ್‌ನಲ್ಲಿ ಕೆಡವಿದ ಮನೆಯೊಂದರ ತೇಗದ ಬಾಗಿಲು.

ಹಳೆಯ ಗಿಟಾರಿನ ಆಕಾರವನ್ನು ಕಾಗದಕ್ಕೆ ಇಳಿಸಿ, ಬಾಗಿಲಿನ ನುಣುಪು ಮುಖಕ್ಕೆ ಅಂಟಿಸಿ ಬಂಗಾರಪೇಟೆಯ ಬಡಗಿಗೆ ಕೊಟ್ಟೆ. ಅವರು ಕೊಯ್ದರು. ಎತ್ತಿ ನೋಡಿದರೆ ಅದೇ ಬಲಗೈಯ ಗಿಟಾರು! ಕಾಗದವನ್ನು ಮಗುಚಿ ಅಂಟಿಸಬೇಕಿತ್ತು. ಥೂ ನನ್ನ ಬುದ್ಧಿಗಿಷ್ಟು ಎಂದು ಮರದ ಹೊಟ್ಟಿನ ಮೇಲೆಯೇ ಕೂತುಬಿಟ್ಟೆ.

"ಅಳ್ತೀಯೇನ್ಲಾ? ರೊಟ್ಟಿ ಮಗುಚ್ದಂಗೆ ಮಗುಚಾಕು" ಎಂದು ಬಡಗಿ ಹಲಗೆ ತಿರುಗಿಸಿದರು. ಸರಿಹೋಯಿತು. ಬಾಗಿಲಿನ ಬೆನ್ನು ಮಾತ್ರ ಮುಂದಕ್ಕೆ ಬಂತು, ಚಿಲಕದ ತೂತು ಸಮೇತ.

"ತೂತು ಮುಚ್ಬುಡ್ಲಾ?"

"ಬ್ಯಾಡಣ್ಣ, ಇರ್ಲಿ."

ಗಿಟಾರ್ ಆಯಿತು, ಕೈ ಪಳಗಬೇಕಲ್ಲ. ಅಆಇಈ ತಿದ್ದುವ ಮಗುವಿನ ಹಾಗೆ ಬಲಗೈ ತಡವರಿಸಿತು, ಬೆರಳುಗಳಲ್ಲಿ ಬೊಬ್ಬೆ ಎದ್ದವು. ಅಮ್ಮ ಒಲೆ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಒಂದು ಸಂಜೆ, "ಆ ಸಾಲು ಇನ್ನೊಂದ್ ಕಿತ ಬಾರ್ಸು" ಅಂದಳು. ಆವತ್ತು ನನಗೆ ಊಟವೇ ಬೇಡ ಅನ್ನುವಷ್ಟು ಖುಷಿಯಾಯಿತು.

ಮುಂದಿನ ಶನಿವಾರ ಭಜನೆಯಲ್ಲಿ ಮುಂದೆ ಕೂತೆ. ಎಲ್ಲರ ಕಣ್ಣೆದುರು ಎಡಗೈ ಮೀಟಿತು. ನಡುವೆ ತಪ್ಪಿದೆ, ತಬಲಾದವರು ಸಂಭಾಳಿಸಿದರು. ಮಂಗಳಾರತಿ ಆಯಿತು, ಅಮ್ಮ ಕೋಸಂಬರಿ ಹಂಚುತ್ತ ಬಂದಳು. ಎಡಗೈ ಆಗಲೇ ಜೇಬು ಸೇರಿತ್ತು. ಬಲಗೈ ಚಾಚಿದೆ. ಅವಳು ಹಾಕಲಿಲ್ಲ.

"ಆ ಕೈ ಚಾಚು."

"ಎಡಗೈ ಕಣಮ್ಮ ಅದು."

"ನಂಗೊತ್ತಿಲ್ವೇನ್ಲಾ? ಬಾರ್ಸಿದ್ದು ಅದೇ ತಾನೇ?"

ಮೊಂಡು ಬೆರಳುಗಳ ಆ ಅಂಗೈ ತುಂಬ ಕೋಸಂಬರಿ ಹಾಕಿ, ನಾನು ತಿನ್ನುವವರೆಗೂ ಅಲ್ಲೇ ನಿಂತಿದ್ದಳು.