ಹಾಡುವ ಹುಡುಗಿ ಬೇಕು, ಹಾಡು ಓದುವ ಹುಡುಗ?

"ಹುಡುಗಿಗಿ ಹಾಡ್ಲಾಕ ಬರ್ತದೇನ್ರಿ?"

ಕೇಳಿದವನು ನಾನೇ. ಹೋದ ತಿಂಗಳು ಮೆಹಕರಕ್ಕೆ ನನ್ನ ತಮ್ಮ ಶರಣಪ್ಪನಿಗೆ ಹೆಣ್ಣು ನೋಡಲು ಹೋಗಿದ್ದೆವು. ಹೆಣ್ಣು ನೋಡಲು ಹೋದವರೆಲ್ಲ ಕೇಳುವ ಪ್ರಶ್ನೆ ಇದು. ಯಾಕೆ ಕೇಳುತ್ತೇವೆ? (ಮದುವೆಯಾದ ಮೇಲೆ ನನ್ನ ಹೆಂಡತಿಗೆ ಒಮ್ಮೆಯೂ ಹಾಡು ಎಂದಿಲ್ಲ.)

ಹುಡುಗಿ ತಲೆ ತಗ್ಗಿಸಿ ಒಂದು ವಚನ ಹಾಡಿದಳು. ಎಲ್ಲರೂ ತಲೆದೂಗಿದರು. ಅವಳ ಅಪ್ಪನ ಮುಖ ಅರಳಿತು.

"ಹುಡುಗ ಹೈದರಾಬಾದದಾಗ ಏನ್ ಓದ್ತಾನ್ರಿ ಸಾವ್ಕಾರ್ರ?"

"ವಕೀಲಿ ಓದ್ತಾನ್ರಿ," ಎಂದೆ. ಸುಳ್ಳು ಸಿದ್ಧವಾಗಿತ್ತು.

"ಇಲ್ರಿ," ಎಂದ ಪಕ್ಕದಲ್ಲಿದ್ದ ತಮ್ಮ. "ಸಂಗೀತ ಓದ್ತೇನ್ರಿ. ಸರ್ಕಾರದ ದೊಡ್ಡ ಯೂನಿವರ್ಸಿಟ್ಯಾಗ. ನಮ್ಮ ಕಡಿ ಹೆಣ್ಮಕ್ಕಳ ಬೀಸೂ ಹಾಡು ಯಾವ ರಾಗದಾಗ ಅವ ಅಂತ ಶೋಧ ಮಾಡ್ತೇನ್ರಿ."

ಹುಡುಗಿಯ ಸೋದರಮಾವ ಬಿದ್ದು ಬಿದ್ದು ನಕ್ಕ. "ಬೀಸಾಕೂ ಬರ್ತದೇನಪಾ ನಿನಗ? ಜ್ವಾಳ ತರಸ್ಲೇನು?" ಪಡಸಾಲೆಯೆಲ್ಲ ನಕ್ಕಿತು.

ಅರೆಗಳಿಗೆ ಹಿಂದೆ ತಲೆದೂಗಿದವರು ಇವರೇ ಅಲ್ಲವೇ? ಮಠದ ಭಜನೆಯಲ್ಲಿ ಕಣ್ಣೊರೆಸಿಕೊಳ್ಳುವವರು ಇವರೇ ಅಲ್ಲವೇ? ಹೆಣ್ಣು ಹಾಡಿದರೆ ಲಕ್ಷಣ. ಗಂಡು ಅದನ್ನೇ ಓದಿದರೆ ಮನೆತನಕ್ಕೆ ಕಪ್ಪುಚುಕ್ಕೆ! ಯಾವ ನ್ಯಾಯ ಇದು? ನೆನೆದರೆ ಮೈ ಉರಿಯುತ್ತದೆ.

ಅಂದು ಉರಿಯಲಿಲ್ಲ. ನಾನೂ ನಕ್ಕೆ. (ಬರೆಯಲು ಕೈ ಬರುತ್ತಿಲ್ಲ.) ನಕ್ಕು ಹೇಳಿದೆ: "ಹುಡುಗಾಟ್ರಿ ಅದು. ಲಗ್ನದಕಿಂತ ಮೊದಲ ಬಿಡಸ್ತೇನಿ. ಇದು ನನ್ನ ಮಾತು."

ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಅವನ ಓದು ಬಿಡಿಸುವ ದೊಡ್ಡಸ್ತಿಕೆ ನನಗೆಲ್ಲಿಂದ ಬಂತು?

ಭಾಲ್ಕಿಗೆ ಮರಳುವಾಗ ಬಂಡಿಯಲ್ಲಿ ಅವನು ಒಂದೇ ಮಾತು ಕೇಳಿದ. "ಅಣ್ಣಾ, ನೀ ಎಂದಾದ್ರೂ ಕುಂತು ನನ್ನ ಹಾಡು ಕೇಳಿದ್ದೀ?"

ಕೇಳಿರಲಿಲ್ಲ. ಮರುದಿನ ಹೈದರಾಬಾದಿಗೆ ಹೋದವನು ಒಂದು ಸಾಲೂ ಬರೆದಿಲ್ಲ. ನಾನು ಹಾಕಿದ ಮೂರು ಕಾಗದಗಳಿಗೂ ಜವಾಬಿಲ್ಲ.

ಮೊನ್ನೆ ಹುಡುಗಿಯ ಅಪ್ಪ ನನ್ನ ಅರಿವೆ ಅಂಗಡಿಗೆ ಬಂದರು. ಸಂಬಂಧ ಬೇಡವೆಂದರು.

"ಸಂಗೀತ ಓದ್ತಾನ ಅಂತ ಬ್ಯಾಡೇನ್ರಿ?" ಎಂದೆ.

"ಅಲ್ರಿ. ಹುಡುಗ ಖರೆ ಹೇಳಿದ, ಮನಸಿಗಿ ಬಂದಿದ್ದ. ಓದು ಬಿಡಸ್ರಿ ಅಂತ ನಾ ಅಂದಿದ್ನೇನು? ಯಾರೂ ಕೇಳದೇನ ಸ್ವಂತ ತಮ್ಮನ್ನ ಬಿಟ್ಟುಕೊಟ್ಟವ್ರು, ನಾಳಿ ನನ್ನ ಮಗಳನ್ನ ಹ್ಯಾಂಗ ಕಾಯ್ತೀರಿ?"

ಈಗ ನೀವೇ ಹೇಳಿ, ಅಂದು ನಕ್ಕವರ ಮೇಲೆ ನಾನು ಯಾವ ಬಾಯಿಂದ ಸಿಟ್ಟಾಗಲಿ?