ಹೊತ್ತು ಮುಳುಗಿದ ಮೇಲೆ ಸೊಪ್ಪು ಹರಿಯದ ಡ್ರೂಯಿಡ್

ಆಟದಲ್ಲಿ ಮಗಳ ಪಾತ್ರವಾದ ವೀರ ಸಾಯುವುದರಲ್ಲಿದ್ದ. ತೊಂಬತ್ತರ ದಶಕ, ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ನಮ್ಮ ಫ್ಲಾಟು. ಪಾತ್ರ ಕಟ್ಟಿ, ದಾಳ ಉರುಳಿಸಿ ಆಡುವ ಮಕ್ಕಳ ಕಥೆಯಾಟದಲ್ಲಿ, ಧಾರವಾಡದಿಂದ ಬಂದಿದ್ದ ನಮ್ಮತ್ತೆ ಡ್ರೂಯಿಡ್, ಅಂದರೆ ಕಾಡಿನ ಮಾಂತ್ರಿಕೆ.

"ಅಜ್ಜಿ, ಜಲ್ದಿ! ಔಷಧಿ ಸೊಪ್ಪು ಹರಿ!" ಮಗಳು ಕಿರುಚಿದಳು.

"ಆಟದಾಗ ಹೊತ್ತು ಮುಳುಗೇದಲ್ಲ? ಈಗ ಗಿಡ ಮುಟ್ಟಬಾರದವಾ, ಮಲಗಿರ್ತಾವ" ಎಂದರು ಅತ್ತೆ.

ಮಕ್ಕಳೆಲ್ಲ ತಲೆ ಮೇಲೆ ಕೈಹೊತ್ತರು. ಅತ್ತೆ ನಿಧಾನಕ್ಕೆ ಸೆರಗಿನ ಗಂಟು ಬಿಚ್ಚುವಂತೆ ಅಭಿನಯಿಸಿ, "ಮಧ್ಯಾಹ್ನನ ಹರದು ಇಟ್ಟೀನಿ, ತಗೋ" ಎಂದರು. ವೀರ ಬದುಕಿದ!

ಮರುದಿನ ಸಂಜೆ ದೀಪ ಹಚ್ಚಿ, ಬಾಲ್ಕನಿಯ ಕರಿಬೇವಿಗೆ ಕೈ ಹಾಕಿದೆ. ನಾನು ಏನು ಹೇಳಿದರೂ "ಯಾಕೆ?" ಎನ್ನುತ್ತಿದ್ದ ಮಗಳು ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಶ್, ಗಿಡ ಮಲಗೇದ." ಅಂದಿನ ಸಾರಿಗೆ ಬರೀ ಸಾಸಿವೆ ಒಗ್ಗರಣೆ.