ಆಬ್ಸೆಂಟ್ ಉತ್ತರಗಳು

ನನ್ನ ಸೊಸೆ ಜಹೀರಾಬಾದಿನ ಒಂದು ಬ್ಲಡ್ ಬ್ಯಾಂಕಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಹಳ್ಳಿಯ ಕ್ಲಿನಿಕ್ಕುಗಳು ರಕ್ತ ಬೇಕೆಂದು ಕಳಿಸುವ ರಿಕ್ವೆಸ್ಟಿಗೆ ಯಾವ ಪ್ರೋಟೊಕಾಲ್, ಅಂದರೆ ಸಂದೇಶ ಸಾಗಿಸುವ ಪದ್ಧತಿ, ಒಳ್ಳೆಯದು ಎಂದು ಹೋದ ವರ್ಷ ಅವಳು ಅಳೆದು ನೋಡಬೇಕಾಯಿತು. ಹಳೆಯದರ ಹೆಸರು ಸೋಪ್: ಪ್ರತಿ ಸಂದೇಶಕ್ಕೂ ದಪ್ಪ ಲಕೋಟೆ, ಮುಟ್ಟಿತೆಂಬ ರಸೀದಿ ಬರುವವರೆಗೆ ಮತ್ತೆ ಮತ್ತೆ ಕಳಿಸುವಂತೆ ಅದನ್ನು ಕಟ್ಟಿದ್ದರು. ಹೊಸದರ ಹೆಸರು ರೆಸ್ಟ್: ಹಗುರ, ಒಮ್ಮೆ ಕಳಿಸಿ ಸುಮ್ಮನಾಗುತ್ತಿತ್ತು.

ಸಿಗ್ನಲ್ ಕಮ್ಮಿ ಇರುವ ಕಡೆಯೇ ಟೆಸ್ಟ್ ಆಗಲಿ ಎಂದು ಕಂಗ್ಟಿ ಎಂಬ ಹಳ್ಳಿಯಲ್ಲಿ ನನ್ನ ತಂಗಿಯ ಪಡಸಾಲೆಯಲ್ಲಿ ಕುಳಿತೆವು. ಒಂದೊಂದು ರಿಕ್ವೆಸ್ಟಿಗೆ ಉತ್ತರ ಬರಲು ಹಿಡಿದ ಸೆಕೆಂಡುಗಳನ್ನು ಸೊಸೆ ಓದಿ ಹೇಳುವುದು, ನಾನು ಲಾಂಗ್ ನೋಟ್‌ಬುಕ್ಕಿನಲ್ಲಿ ಬರೆಯುವುದು. ಕಾನ್ವೆಂಟಿನಲ್ಲಿ ಓದಿ ಅಲ್ಲಿಯೇ ಮ್ಯಾಥ್ಸ್ ಕಲಿಸಿದವಳು ನಾನು. ಅಲ್ಲಿನ ಮದರ್ ಹೇಳಿಕೊಟ್ಟ ಹಾಗೆ ಮಾರ್ಜಿನ್ ಎಳೆದಿದ್ದೆ. ತಂಗಿ ಚಹಾ ತಂದಿಟ್ಟು, "ಅಕ್ಕ, ಮನ್ಯಾಗ ಎತ್ತಿನ ಶರ್ಯತ್ತು ಹಚ್ಚೀರೇನು?" ಎಂದು ನಕ್ಕಳು.

ಹೊಸದರಲ್ಲಿ ಕೆಲವು ರಿಕ್ವೆಸ್ಟುಗಳಿಗೆ ಉತ್ತರವೇ ಬರಲಿಲ್ಲ. ಅಲ್ಲೆಲ್ಲ ಡ್ಯಾಶ್ ಹಾಕಿದ್ದೆ.

"ಇವನ್ನ ಏನ್ ಮಾಡೂದ್ರಿ ಅತ್ತಿ?"

"ಆಬ್ಸೆಂಟ್ ಆದವರನ್ನ ಕ್ಲಾಸ್ ಆವರೇಜಿನ್ಯಾಗ ಹಿಡೀತಾರೇನವ್ವ? ಬಿಡು."

ನೌಕರಿ ಇರುವವರೆಗೂ ನಾನು ಹಾಗೆಯೇ ಲೆಕ್ಕ ಹಾಕಿದವಳು. ಸೊಸೆ ಬಿಟ್ಟಳು. ಬಂದ ಉತ್ತರಗಳ ಸರಾಸರಿಯಲ್ಲಿ ಹೊಸದೇ ಬಹಳ ಮುಂದೆ. ಎಲ್ಲ ಕ್ಲಿನಿಕ್ಕುಗಳಿಗೂ ಅದನ್ನೇ ಹಾಕಿದರು. ಅಷ್ಟು ಫಾಸ್ಟ್ ಅಂದಮೇಲೆ, ರಿಕ್ವೆಸ್ಟ್ ಕಳಿಸಿ ಒಂದು ಫೋನ್ ಮಾಡಿ ಕೇಳುವ ರೂಢಿಯೂ ನಿಂತುಹೋಯಿತು.

ಈ ಬೇಸಿಗೆಯಲ್ಲಿ ತಂಗಿಗೆ ಹೊಟ್ಟೆಯ ಹುಣ್ಣು ಒಡೆದು ರಕ್ತ ಹೋಗತೊಡಗಿತು. ಕಂಗ್ಟಿಯ ಕ್ಲಿನಿಕ್ಕಿಗೆ ಸೇರಿಸಿದರು. ಬೆಳಿಗ್ಗೆ ಹತ್ತಕ್ಕೆ ನರ್ಸ್ ರಿಕ್ವೆಸ್ಟ್ ಕಳಿಸಿದಳು. ರಕ್ತದ ಗಾಡಿ ಹೊರಟಿರಬೇಕೆಂದು ಎಲ್ಲರೂ ಬಾಗಿಲ ಕಡೆ ನೋಡುತ್ತ ಕುಳಿತರು. ಎರಡು ಗಂಟೆಗೆ ತಂಗಿಯ ಮಗಳು ಸೊಸೆಗೆ ಫೋನ್ ಮಾಡಿದಾಗ ಗೊತ್ತಾಯಿತು, ಬ್ಲಡ್ ಬ್ಯಾಂಕಿಗೆ ಆ ರಿಕ್ವೆಸ್ಟ್ ಮುಟ್ಟಿಯೇ ಇರಲಿಲ್ಲ. ತಂಗಿಯನ್ನೇ ಜೀಪಿಗೆ ಹಾಕಿಕೊಂಡು ಜಹೀರಾಬಾದಿಗೆ ಹೊರಟರು. ದಾರಿಯಲ್ಲಿ ನಾರಾಯಣಖೇಡ ಮುಟ್ಟುವುದರೊಳಗೆ ಹೋಗಿಬಿಟ್ಟಳು.

ದಿನಕರ್ಮ ಮುಗಿದ ಮೇಲೆ ಸೊಸೆ ಆ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಲೆಕ್ಕ ಮತ್ತೆ ಮಾಡಬೇಕಿತ್ತು. ಒಂದು ಡ್ಯಾಶಿನ ಮೇಲೆ ಬೆರಳಿಟ್ಟಳು.

"ಬಾರದವಕ್ಕ ಎಷ್ಟು ಸೆಕೆಂಡ್ ಹಿಡೀಲ್ರಿ ಅತ್ತಿ?"

ತಂಗಿ ಕಾದದ್ದು ನಾಲ್ಕು ತಾಸು. ನಾನು ಕೆಳಗಿನ ಸರಾಸರಿಯನ್ನು ಹೊಡೆದುಹಾಕಿ, ಪ್ರತಿ ಡ್ಯಾಶಿನ ಮುಂದೆ 'ಬರಲಿಲ್ಲ' ಎಂದು ಬರೆಯುತ್ತ ಹೋದೆ. ನನ್ನ ಹ್ಯಾಂಡ್‌ರೈಟಿಂಗ್ ಈಗಲೂ ನೀಟಾಗಿದೆ.